ತಿಂಗಳಿಗೊಂದು ತಿನಿಸು, ಹಬ್ಬಕ್ಕೊಂದು ಅಚ್ಚು

ನಮ್ಮ ರಾಜರಾಜೇಶ್ವರಿನಗರದಲ್ಲಿ ಕ್ಯಾಲೆಂಡರ್ ನೋಡದೆಯೇ ತಿಂಗಳು ಹೇಳಿಬಿಡಬಹುದು. ಬೀದಿಗೆ ಬರುವ ತಳ್ಳುಗಾಡಿಯ ಮೇಲೆ ಏನಿದೆ ಎಂದು ನೋಡಿದರೆ ಸಾಕು. ಮಣ್ಣು ಮೆತ್ತಿದ ಹಸಿ ಕಡಲೆಕಾಯಿ ಬಂದರೆ ಕಾರ್ತಿಕ ಮಾಸ. ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಚಳಿಗಾಲ ಬಲಿಯಿತು ಎಂದರ್ಥ. ಕಬ್ಬಿನ ಜಲ್ಲೆಗಳು ಗೋಡೆಗೆ ಒರಗಿ ನಿಂತರೆ ಸಂಕ್ರಾಂತಿ ಬಾಗಿಲಿಗೆ ಬಂತು. ಕರಬೂಜದ ರಾಶಿ ಬಿದ್ದರೆ ರಾಮನವಮಿ. ನೇರಳೆ ಹಣ್ಣು ಬಂದರೆ ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ಬೂದುಗುಂಬಳಕಾಯಿಯ ಪಕ್ಕದಲ್ಲಿ ಕಡ್ಲೆಪುರಿಯ ಮೂಟೆ ಕೂತಿದ್ದರೆ ನಾಳೆಯೋ ನಾಡಿದ್ದೋ ಆಯುಧಪೂಜೆ.

ಮಕ್ಕಳೇ, ನಾನು ಈ ಬಡಾವಣೆಗೆ ಬಂದು 30 ವರ್ಷ ದಾಟಿತು. ಇಲ್ಲಿನ ರಾಜರಾಜೇಶ್ವರಿ ಅಮ್ಮನವರ ದೇವಸ್ಥಾನದಿಂದಲೇ ಊರಿಗೆ ಈ ಹೆಸರು. ಆಗ ಹಲಗೆವಡೇರಹಳ್ಳಿ, ಪಟ್ಟಣಗೆರೆ, ಚನ್ನಸಂದ್ರ ಎಂಬ ಹಳ್ಳಿಗಳು ಹಳ್ಳಿಗಳಾಗಿಯೇ ಕಾಣುತ್ತಿದ್ದವು. ಈಗ ಎಲ್ಲವೂ ಒಂದಕ್ಕೊಂದು ಸೇರಿಕೊಂಡಿವೆ. 2021ರಿಂದ ಮೆಟ್ರೊ ರೈಲು ನಮ್ಮ ಮೇಲಿಂದಲೇ ಕೆಂಗೇರಿಗೆ ಓಡುತ್ತಿದೆ. ಇಷ್ಟೆಲ್ಲ ಬದಲಾದರೂ ತಳ್ಳುಗಾಡಿಯ ಲೆಕ್ಕ ಮಾತ್ರ ತಪ್ಪಿಲ್ಲ. ಆ ಲೆಕ್ಕದ ಕತೆಯನ್ನೇ ಇವತ್ತು ನಿಮಗೆ ಹೇಳುತ್ತೇನೆ. ಕೇಳುತ್ತಾ ಕೇಳುತ್ತಾ ಬಾಯಲ್ಲಿ ನೀರೂರಿದರೆ ನನ್ನನ್ನು ಬೈಯಬೇಡಿ.

ಬಸವನ ಕಡಲೆಕಾಯಿ

ಮೊದಲು ಕಡಲೆಕಾಯಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ದೊಡ್ಡ ಬಸವನ ಗುಡಿಯ ಎದುರಿನ ರಸ್ತೆಯ ಎರಡೂ ಬದಿಯಲ್ಲಿ ಕಡಲೆಕಾಯಿಯ ಗುಡ್ಡಗಳೇ ಎದ್ದಿರುತ್ತವೆ. ಹಸಿಯದು, ಹುರಿದದ್ದು, ಉಪ್ಪು ಹಾಕಿ ಬೇಯಿಸಿದ್ದು, ಎಲ್ಲವನ್ನೂ ಸೇರಿನಲ್ಲಿ ಅಳೆದು ಕೊಡುತ್ತಾರೆ. ಜೊತೆಗೆ ಜಾತ್ರೆಯ ಹಳೆಯ ಜೋಡಿ ಬೆಂಡು ಬತ್ತಾಸು.

ಈ ಪರಿಷೆಗೊಂದು ದಂತಕಥೆ ಇದೆ. ಹಿಂದೆ ಆ ಸುತ್ತಿನ ಸುಂಕೇನಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳ ರೈತರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ರಾತ್ರಿ ಹೊತ್ತು ಒಂದು ಬಸವ ಬಂದು ಹೊಲ ಮೇಯುತ್ತಿತ್ತಂತೆ. ಕಾದು ಕೂತಿದ್ದ ರೈತನೊಬ್ಬ ದೊಣ್ಣೆಯಿಂದ ಹೊಡೆದಾಗ ಬಸವ ಅಲ್ಲೇ ಕಲ್ಲಾಗಿ ಕೂತಿತು, ಕಲ್ಲಾದರೂ ಬೆಳೆಯುತ್ತಲೇ ಹೋಯಿತು, ಬೆಳೆಯುವುದನ್ನು ನಿಲ್ಲಿಸಲು ನೆತ್ತಿಯ ಮೇಲೆ ತ್ರಿಶೂಲ ನೆಟ್ಟರು ಎನ್ನುತ್ತಾರೆ. ಅಂದಿನಿಂದ ರೈತರು ಮೊದಲ ಬೆಳೆಯನ್ನು ಬಸವನಿಗೆ ಕೊಡುವುದು ವಾಡಿಕೆಯಾಯಿತಂತೆ. ಆ ಬಸವಣ್ಣ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಗುಡಿಯನ್ನು ಕಟ್ಟಿಸಿದವರು ಕೆಂಪೇಗೌಡರು ಎಂದು ಹೇಳುತ್ತಾರೆ.

ಇದರಲ್ಲಿ ಒಂದು ತಮಾಷೆ ನೋಡಿ. ಕಡಲೆಕಾಯಿ ನಮ್ಮ ದೇಶದ ಗಿಡವೇ ಅಲ್ಲ! ಅದರ ತವರು ದಕ್ಷಿಣ ಅಮೆರಿಕ. ಕಡಲು ದಾಟಿ ಬಂದ ಬೀಜ ನಮ್ಮ ಕೆಂಪು ಮಣ್ಣಿಗೆ ಒಗ್ಗಿತು, ನಮ್ಮ ಬಸವನಿಗೆ ನೈವೇದ್ಯವಾಯಿತು, ನಮ್ಮ ಕತೆಯೊಳಗೂ ಸೇರಿಕೊಂಡಿತು. ಹೊರಗಿನಿಂದ ಬಂದದ್ದು ನಮ್ಮದಾಗುವುದು ಹೀಗೆ. ಯಾರೋ ಬೆಳೆಯುತ್ತಾರೆ, ಯಾರೋ ಹುರಿಯುತ್ತಾರೆ, ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ.

ಕಡಲೆಕಾಯಿ ಹಿಂದೆಯೇ ಅವರೆಕಾಯಿ. ಮಾಗಡಿ ಕಡೆಯಿಂದ ಬರುವ ಅವರೆಕಾಯಿಯನ್ನು ನಮ್ಮ ಮನೆಗಳಲ್ಲಿ ಮೊದಲು ಮೂಸಿ ನೋಡಿ ಆಮೇಲೆ ಕೊಳ್ಳುತ್ತಾರೆ. ಇಬ್ಬನಿ ಬಿದ್ದ ಕಾಯಿಗೆ ಒಂದು ವಾಸನೆ ಇರುತ್ತದೆ, ಅದೇ ಸೊಗಡು. ಕಾಳನ್ನು ನೀರಿನಲ್ಲಿ ನೆನೆಸಿ, ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕಳಚಿ ಬೇಳೆ ಪುಳಕ್ಕನೆ ಹಾರುತ್ತದೆ. ಅದೇ ಹಿತಕಿದ ಬೇಳೆ. ಇದು ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಮಾಡಲೆಂದೇ ಇರುವ ಕೆಲಸ. ಬೇಳೆ ಯಾರದು ದೂರ ಹಾರಿತು ಎಂಬ ಪಂದ್ಯ ನಮ್ಮ ಮನೆಯಲ್ಲಿ ಪ್ರತಿ ವರ್ಷ ನಡೆಯುತ್ತದೆ. ವಿ.ವಿ. ಪುರಂನವರು ಈ ಕಾಳಿಗೆಂದೇ ಅವರೆ ಮೇಳವನ್ನು ನಡೆಸುತ್ತಾರೆ.

ಮೈಸೂರು ರಸ್ತೆ ಎಂಬ ತಿಂಡಿ ರಸ್ತೆ

ನಮ್ಮ ಬಡಾವಣೆಯ ಆರ್ಚ್ ದಾಟಿದರೆ ಮೈಸೂರು ರಸ್ತೆ. ಇದನ್ನು ನಾನು ತಿಂಡಿ ರಸ್ತೆ ಎಂದೇ ಕರೆಯುತ್ತೇನೆ. ಕೆಂಗೇರಿ ಕಳೆದು ಬಿಡದಿಗೆ ಹೋದರೆ ತಟ್ಟೆ ಇಡ್ಲಿ. ಬಟ್ಟಲಿನಂಥ ಗುಳಿಗಳಲ್ಲಿ ಬೇಯುವ ಬದಲು ಚಪ್ಪಟೆ ತಟ್ಟೆಯಲ್ಲಿ ಬೇಯುವುದರಿಂದ ಈ ಹೆಸರು. ಒಂದು ತಿಂದರೆ ಹೊಟ್ಟೆ ಅರ್ಧ ತುಂಬುತ್ತದೆ, ಮೇಲೆ ಬೆಣ್ಣೆ ಬಿದ್ದರೆ ಇನ್ನೊಂದು ಬೇಕೆನಿಸುತ್ತದೆ.

ಇನ್ನೂ ಮುಂದಕ್ಕೆ ಮದ್ದೂರು. ಮದ್ದೂರು ವಡೆ ಹುಟ್ಟಿದ್ದು ರೈಲು ನಿಲ್ದಾಣದಲ್ಲಿ, 1917ರಲ್ಲಿ. ಮಾಡಿದವರು ರಾಮಚಂದ್ರ ಬುಧ್ಯ. ಅವರು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದರಂತೆ. ಒಂದು ದಿನ ರೈಲು ಬೇಗ ಬಂದುಬಿಟ್ಟಿತು. ಉಂಡೆ ಉಂಡೆಯಾಗಿ ಕರಿಯಲು ಹೊತ್ತಿಲ್ಲ. ಅದೇ ಹಿಟ್ಟನ್ನು ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು, ಬೇಗ ಬೆಂದಿತು, ತಿಂದವರು ಮತ್ತೆ ಕೇಳಿದರು ಎಂಬುದು ಆ ವಡೆಯ ಕತೆ. ಅಕ್ಕಿ ಹಿಟ್ಟು, ಮೈದಾ, ರವೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಇಷ್ಟೇ ಅದರ ಬಂಡವಾಳ. ದಾರಿಯ ಕೊನೆಗೆ ಮೈಸೂರು. ಅಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪ ಅವರು ಮೈಸೂರು ಪಾಕ್ ಮಾಡಿದರು.

ನೋಡಿದಿರಾ? ಬೀದಿಯ ತಿಂಡಿಗೂ ಹುಟ್ಟಿದ ಊರಿದೆ, ಅದನ್ನು ಮಾಡಿದ ಕೈಗಳಿವೆ. ಆದರೆ ಅದನ್ನು ದುಡ್ಡು ಕೊಟ್ಟರೆ ಯಾವತ್ತು ಬೇಕಾದರೂ ತಿನ್ನಬಹುದು. ಹಬ್ಬದ ತಿನಿಸು ಹಾಗಲ್ಲ. ಅದಕ್ಕೆ ಒಂದು ದಿನ ಬೇಕು. ಮಾಡಿದ ಮೇಲೆ ಕೊಡುವುದಕ್ಕೆ ಇನ್ನೊಂದು ಮನೆ ಬೇಕು.

ಕೊಡಲಿಕ್ಕೇ ಮಾಡುವ ತಿನಿಸು

ರಾಮನವಮಿಯ ದಿನ ನಮ್ಮ ಬೀದಿಯ ಮೂಲೆಯಲ್ಲಿ ಶಾಮಿಯಾನ ಹಾಕಿ, ದೊಡ್ಡ ಕೊಳಗದಲ್ಲಿ ಪಾನಕ ಇಟ್ಟಿರುತ್ತಾರೆ. ಬೆಲ್ಲದ ನೀರಿಗೆ ಏಲಕ್ಕಿ, ಶುಂಠಿ, ಮೆಣಸು. ಪಕ್ಕದಲ್ಲಿ ನೀರು ಮಜ್ಜಿಗೆ. ದೊನ್ನೆಯಲ್ಲಿ ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ ಸೇರಿದ ಕೋಸಂಬರಿ. ಇದರಲ್ಲಿ ಯಾವುದನ್ನೂ ಬೇಯಿಸುವ ಹಾಗಿಲ್ಲ, ಎಲ್ಲವೂ ತಂಪು. ಬಿಸಿಲು ಏರುವ ಹೊತ್ತಿಗೆ ಬರುವ ಹಬ್ಬಕ್ಕೆ ಹಿರಿಯರು ಎಂಥ ಅಡುಗೆ ಇಟ್ಟಿದ್ದಾರೆ ನೋಡಿ. ಆಟೋದವರು, ಪೇಪರ್ ಹಾಕುವ ಹುಡುಗ, ಬಸ್ಸಿಗೆ ಓಡುವವರು, ಯಾರು ಬಂದರೂ ಒಂದು ಲೋಟ. ನೀವು ಯಾರು, ಯಾವ ಮನೆಯವರು ಎಂದು ಯಾರೂ ಕೇಳುವುದಿಲ್ಲ.

ಶ್ರಾವಣದ ನಾಗರಪಂಚಮಿಗೆ ಅಕ್ಕಿ ಹಿಟ್ಟಿನ ತಂಬಿಟ್ಟು, ಎಳ್ಳು ಬೆಲ್ಲ ಕುಟ್ಟಿ ಮಾಡುವ ಚಿಗಳಿ. ಅವತ್ತು ಅನೇಕ ಮನೆಗಳಲ್ಲಿ ಬಾಣಲೆ ಒಲೆಗೆ ಏರುವುದಿಲ್ಲ, ಕರಿಯುವುದು ಇಲ್ಲ. ಗೋಕುಲಾಷ್ಟಮಿಗೆ ಅದರ ಬಡ್ಡಿ ತೀರಿಸಿದ ಹಾಗೆ ಚಕ್ಕುಲಿ, ಕೋಡುಬಳೆ, ತೇಂಗೊಳಲು. ಗಣೇಶನಿಗೆ ಕಡುಬು. ಆಯುಧಪೂಜೆಗೆ ಕಡ್ಲೆಪುರಿ. ಅವತ್ತು ಗ್ಯಾರೇಜಿನಿಂದ ಹಿಡಿದು ಬ್ಯಾಂಕಿನವರೆಗೂ ಯಾರ ಬಾಗಿಲಿಗೆ ಹೋದರೂ ಒಂದು ಪೊಟ್ಟಣ ಪುರಿ ಕೈಗೆ ಬೀಳುತ್ತದೆ.

ಆದರೆ ಕೊಡುವ ಹಬ್ಬಗಳಿಗೆಲ್ಲ ದೊಡ್ಡಣ್ಣ ಸಂಕ್ರಾಂತಿಯೇ.

ಎಳ್ಳು ಬೀರುವ ಲೆಕ್ಕ

ನಮ್ಮ ಹೆಚ್ಚಿನ ಹಬ್ಬಗಳು ಚಂದ್ರನನ್ನು ನೋಡಿಕೊಂಡು ಬರುತ್ತವೆ. ಅದಕ್ಕೇ ಅವುಗಳ ಇಂಗ್ಲಿಷ್ ತಾರೀಕು ಪ್ರತಿ ವರ್ಷ ಓಡಾಡುತ್ತಿರುತ್ತದೆ. ಸಂಕ್ರಾಂತಿ ಸೂರ್ಯನ ಹಬ್ಬ. ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ. ಅದಕ್ಕೇ ಅದು ಜನವರಿ 14 ಅಥವಾ 15ಕ್ಕೇ ಬರುತ್ತದೆ.

ಅವತ್ತು ಬೀರುವ ಎಳ್ಳಿನಲ್ಲಿ ಐದು ಸಾಮಾನು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ನಮ್ಮಮ್ಮನ ಅಳತೆ ಹೀಗಿತ್ತು. ಎಲ್ಲವೂ ಒಂದೊಂದು ಪಾವು, ಎಳ್ಳು ಮಾತ್ರ ಅರ್ಧ ಪಾವು. ಹೇಳುವುದು ಸುಲಭ. ಮಾಡಲು ಒಂದು ವಾರ ಬೇಕು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣ ಸಣ್ಣ ಚೂರು ಮಾಡಿ ಬಿಸಿಲಿಗೆ ಹಾಕಬೇಕು. ಬೆಲ್ಲವನ್ನು ಅಡಕತ್ತರಿಯಲ್ಲಿ ಕತ್ತರಿಸಿ ಅದನ್ನೂ ಒಣಗಿಸಬೇಕು. ಕಡಲೆಬೀಜ ಹುರಿದು, ಉಜ್ಜಿ, ಮೊರದಲ್ಲಿ ಕೇರಿ, ಸಿಪ್ಪೆ ಹಾರಿಸಿ, ಎರಡು ಹೋಳು ಮಾಡಬೇಕು. ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿಯಬೇಕು. ನೀರಿನ ಒಂದು ಹನಿ ಉಳಿದರೂ ಬೆಲ್ಲ ಕರಗಿ ಎಲ್ಲವೂ ಮುದ್ದೆಯಾಗುತ್ತದೆ.

ಚಳಿಗಾಲದಲ್ಲಿ ಇದನ್ನೇ ಏಕೆ ತಿನ್ನಬೇಕು? ನಿಮ್ಮ ತುಟಿ, ಕೈಕಾಲು ಒಡೆಯುವ ಕಾಲ ಅದು. ಎಳ್ಳಿನಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇದೆ. ಕಡಲೆಬೀಜದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕೊಬ್ಬರಿಯಲ್ಲಿ ಇನ್ನೂ ಜಾಸ್ತಿ. ಮೇಲಾಗಿ ಇವೆಲ್ಲ ಆಗ ತಾನೇ ಸುಗ್ಗಿಯಲ್ಲಿ ಮನೆಗೆ ಬಂದ ಸಾಮಾನು. ಹೊಲದಲ್ಲಿ ಏನು ಬಂತೋ ಅದು ಹಬ್ಬಕ್ಕೆ ಬಂತು.

ಸಂಜೆ ಹೆಣ್ಣುಮಕ್ಕಳು ಹೊಸ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳು, ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿ ಹಣ್ಣು, ಸಕ್ಕರೆ ಅಚ್ಚು ಇಟ್ಟುಕೊಂಡು ಮನೆ ಮನೆಗೆ ಹೋಗುತ್ತಾರೆ. ಅದಕ್ಕೆ ಎಳ್ಳು ಕೊಡುವುದು ಎನ್ನುವುದಿಲ್ಲ, ಎಳ್ಳು ಬೀರುವುದು ಎನ್ನುತ್ತಾರೆ. ಹೊಲದಲ್ಲಿ ಬೀಜ ಬೀರಿದ ಹಾಗೆ. ಕೊಡುವಾಗ ಹೇಳುವ ಮಾತು ನಿಮಗೆ ಗೊತ್ತೇ ಇದೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ. ವರ್ಷದಲ್ಲಿ ಮಾತು ಬಿಟ್ಟ ಮನೆ ಇದ್ದರೆ ಅವತ್ತು ಆ ಮನೆಗೂ ಹೋಗಲೇಬೇಕು. ಬಾಗಿಲು ತಟ್ಟಲು ಕೈಯಲ್ಲಿ ತಟ್ಟೆ ಇದ್ದರೆ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

ಸಕ್ಕರೆ ಗಿಳಿ ಹುಟ್ಟುವ ಬಗೆ

ಎಳ್ಳಿನ ತಟ್ಟೆಯಲ್ಲಿ ಮಕ್ಕಳ ಕಣ್ಣು ಮೊದಲು ಹೋಗುವುದು ಸಕ್ಕರೆ ಅಚ್ಚಿನ ಮೇಲೆ. ಗಿಳಿ, ಆನೆ, ಮೀನು, ಹೂವು, ತುಳಸಿ ಕಟ್ಟೆ, ಗೋಪುರ. ಎಲ್ಲವೂ ಬೆಳ್ಳಗೆ, ಹಾಲುಗಲ್ಲಿನ ಹಾಗೆ. ಇದನ್ನು ಮಾಡುವುದಕ್ಕೆ ಮರದ ಅಚ್ಚುಗಳು ಇರುತ್ತವೆ. ಎರಡು ಹೋಳಿನ ನಡುವೆ ಗಿಳಿಯ ಆಕಾರ ಕೆತ್ತಿರುತ್ತದೆ.

ಮೊದಲು ಅಚ್ಚುಗಳನ್ನು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಮರ ನೀರು ಕುಡಿದು ತಣಿದಿದ್ದರೆ ಸಕ್ಕರೆ ಪಾಕ ಅದಕ್ಕೆ ಅಂಟುವುದಿಲ್ಲ. ಒರೆಸಿ, ಹೋಳುಗಳನ್ನು ಸೇರಿಸಿ, ದಾರದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿಯಾಗಿ ಕಟ್ಟಿ, ಒದ್ದೆ ಬಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಬೇಕು.

ಒಂದು ಕಿಲೊ ಸಕ್ಕರೆಗೆ ಅದು ಮುಳುಗುವಷ್ಟು ನೀರು ಹಾಕಿ ಕುದಿಸಿ. ಕುದಿಯುವಾಗ ಕಾಲು ಲೋಟ ಹಾಲು ಹಾಕಿದರೆ ಹಾಲು ಒಡೆದು, ಸಕ್ಕರೆಯಲ್ಲಿದ್ದ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ತೇಲುತ್ತದೆ. ಅದನ್ನು ತೆಗೆದು, ಪಾಕವನ್ನು ತೆಳು ಬಟ್ಟೆಯಲ್ಲಿ ಸೋಸಿ. ಆಮೇಲೆ ಒಂದೊಂದು ಸೌಟು ಪಾಕವನ್ನು ಸಣ್ಣ ಪಾತ್ರೆಗೆ ಹಾಕಿಕೊಂಡು, ನಾಲ್ಕು ಹನಿ ನಿಂಬೆರಸ ಬಿಟ್ಟು, ಒಲೆಯ ಮೇಲೆ ಕೈ ಬಿಡದೆ ತಿರುವಬೇಕು. ಪಾಕ ಗಟ್ಟಿಯಾಗುತ್ತಾ ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಪುಡಿಗಟ್ಟಲು ಶುರುವಾದ ಆ ಗಳಿಗೆಯಲ್ಲೇ ಅಚ್ಚಿಗೆ ಸುರಿಯಬೇಕು. ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಒಂದು ಗಳಿಗೆ ಮೊದಲಾದರೆ ಅಚ್ಚಿನಲ್ಲಿ ಅಂಟಾಗಿ ಉಳಿಯುತ್ತದೆ. ಸರಿಯಾಗಿ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ದಾರ ಬಿಚ್ಚಬಹುದು. ಒಳಗಿನಿಂದ ಗಿಳಿ ಹೊರಗೆ ಬರುತ್ತದೆ.

ಮಕ್ಕಳೇ, ಇದು ನಿಮ್ಮ ವಿಜ್ಞಾನದ ಪಾಠವೂ ಹೌದು. 20 ಡಿಗ್ರಿ ಬಿಸಿಯ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಅದೇ ನೀರು ಕುದಿಯುತ್ತಿದ್ದರೆ 480 ಗ್ರಾಂಗೂ ಹೆಚ್ಚು ಕರಗುತ್ತದೆ. ನೀರು ಆವಿಯಾಗಿ, ಪಾಕ ತಣ್ಣಗಾಗಲು ತೊಡಗಿದಾಗ ಅಷ್ಟೊಂದು ಸಕ್ಕರೆಗೆ ಕರಗಿಕೊಂಡಿರಲು ಜಾಗವಿಲ್ಲ. ತಿರುವುತ್ತಾ ಇದ್ದರೆ ಒಮ್ಮೆಲೇ ಸಾವಿರಾರು ಸಣ್ಣ ಸಣ್ಣ ಹರಳುಗಳಾಗಿ ಹೊರಬರುತ್ತದೆ. ಹರಳು ಸಣ್ಣದಿದ್ದಷ್ಟೂ ಅಚ್ಚು ನುಣುಪು. ನಿಂಬೆರಸ ಹರಳುಗಳು ದಪ್ಪವಾಗದಂತೆ ತಡೆಯುತ್ತದೆ. ನಮ್ಮಮ್ಮ ಶಾಲೆಗೆ ಹೋದವರಲ್ಲ. ಆದರೂ ಇದನ್ನೆಲ್ಲ ಅವರ ಮಣಿಕಟ್ಟು ತಿಳಿದುಕೊಂಡಿತ್ತು.

ಒಂದು ಮಾತು ನೆನಪಿರಲಿ. ಕುದಿಯುವ ಪಾಕ ಕುದಿಯುವ ನೀರಿಗಿಂತ ಬಿಸಿ, ಮೈಗೆ ಬಿದ್ದರೆ ಅಂಟಿಕೊಳ್ಳುತ್ತದೆ. ಒಲೆಯ ಕೆಲಸ ದೊಡ್ಡವರದು. ಅಚ್ಚು ಕಟ್ಟುವುದು, ಬಿಚ್ಚುವುದು, ಎಣಿಸುವುದು ನಿಮ್ಮದು.

ಹನ್ನೊಂದು ಅಚ್ಚುಗಳ ಮಾತು

ನಮ್ಮಮ್ಮನಿಂದ ನನಗೆ ಬಂದ ಅಚ್ಚುಗಳು ಹನ್ನೊಂದು. ಅವುಗಳ ಮೂಲೆ ಸವೆದು ದುಂಡಗಾಗಿದೆ. ಮೂರು ವರ್ಷದ ಕೆಳಗೆ ನನ್ನ ಬಲಗೈ ಮಣಿಕಟ್ಟಿಗೆ ನೋವು ಹಿಡಿಯಿತು. ಪಾಕ ತಿರುವಲು ಆಗದು ಎಂದ ಮೇಲೆ ಅಚ್ಚುಗಳು ಅಟ್ಟ ಸೇರಿದವು. ಎರಡು ಸಂಕ್ರಾಂತಿಗೆ ಅಂಗಡಿಯಿಂದಲೇ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು ಬಂದವು. ಅವೂ ಸಿಹಿಯಾಗಿಯೇ ಇದ್ದವು, ಸುಳ್ಳು ಹೇಳಬಾರದು. ಮಗ ಅಚ್ಚುಗಳನ್ನು ನೋಡಿ, "ಅಮ್ಮ, ಇವನ್ನ ಪಾಲಿಶ್ ಮಾಡಿಸಿ ಹಾಲ್‌ನಲ್ಲಿ ಗೋಡೆಗೆ ಹಾಕ್ಸೋಣ, ಚೆನ್ನಾಗಿ ಕಾಣುತ್ತೆ" ಎಂದ. ಅವನ ಮನಸ್ಸು ಒಳ್ಳೆಯದೇ. ಆದರೆ ಪಾಲಿಶ್ ಹತ್ತಿದ ಅಚ್ಚಿಗೆ ಮತ್ತೆ ಸಕ್ಕರೆ ಹಾಕುವ ಹಾಗಿಲ್ಲ. ಗೋಡೆಗೆ ಏರಿದರೆ ಅವು ಮತ್ತೆ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಐದನೇ ಕ್ಲಾಸಿನ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು. "ಅಜ್ಜಿ, ನಿಂಗೆ ಕೈ ನೋವು ಅಂದ್ರೆ ಇನ್ಮೇಲೆ ಗಿಳಿ ಬರೋದೇ ಇಲ್ವಾ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಅವತ್ತೇ ಅಚ್ಚುಗಳನ್ನು ತೊಳೆದು, ಮೊರದಲ್ಲಿಟ್ಟು, ಬಾಗಿಲ ಹೊರಗೆ ಗಾಳಿಗೆ ಇಟ್ಟೆ.

ನಮ್ಮ ಎದುರು ಮನೆಯವರು ಹಾವೇರಿ ಕಡೆಯವರು. ಬಂದು ಒಂದು ವರ್ಷವಾಗಿತ್ತು. ಲಿಫ್ಟಿನಲ್ಲಿ ಸಿಕ್ಕರೆ ನಕ್ಕು ಸುಮ್ಮನಾಗುವಷ್ಟು ಪರಿಚಯ. ಆ ತಾಯಿ ಮೊರದ ಮುಂದೆ ನಿಂತವರು ಹಾಗೇ ಕೂತುಬಿಟ್ಟರು. "ಏನ್ರೀ ಅಮ್ಮಾರ, ಇವು ನಮ್ಮ ಸಕ್ಕರಿ ಆರತಿ ಅಚ್ಚು ಅಲ್ಲೇನ್ರಿ? ನಿಮ್ಮ ಕಡೇನೂ ಅದಾವೇನು?" ಎಂದರು.

ಆಗ ನನಗೆ ತಿಳಿದ ಸಂಗತಿ ಇದು. ಉತ್ತರ ಕರ್ನಾಟಕದಲ್ಲಿ ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆಗೆ ಇಂಥದೇ ಮರದ ಅಚ್ಚಿನಲ್ಲಿ ಸಕ್ಕರೆ ಗೊಂಬೆ ಮಾಡುತ್ತಾರೆ. ಹೆಣ್ಣುಮಕ್ಕಳು ತಟ್ಟೆಯಲ್ಲಿ ದೀಪದ ಜೊತೆ ಆ ಗೊಂಬೆಗಳನ್ನು ಇಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ಅದೇ ಸಕ್ಕರೆ ಆರತಿ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ತರುವ ಪದ್ಧತಿಯೂ ಇದೆ. ಅಲ್ಲಿ ಸಂಕ್ರಾಂತಿಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕೈಗೆ ಕುಸುರೆಳ್ಳು. ನಾಗರಪಂಚಮಿಗೆ ಜೋಕಾಲಿ, ಬಗೆಬಗೆಯ ಉಂಡಿ. ಅಚ್ಚು ಒಂದೇ, ಸಕ್ಕರೆ ಒಂದೇ, ಹಬ್ಬ ಮಾತ್ರ ಬೇರೆ!

ಆ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಮೂರು ಜೊತೆ ಕೈ ಸೇರಿದವು. ಮೊಮ್ಮಗಳು ಅಚ್ಚು ಕಟ್ಟಿದಳು. ಹಾವೇರಿಯ ತಾಯಿ ಸೌಟು ಹಿಡಿದರು. ನಾನು ಸ್ಟೂಲಿನ ಮೇಲೆ ಕೂತು ಪಾಕದ ಅಂಚನ್ನೇ ನೋಡುತ್ತಾ, "ಈಗ ಸುರೀರಿ" ಎಂದೆ. ಅವರು, "ಇನ್ನೊಂದೀಟು ತಡೀರಿ ಅಮ್ಮಾರ" ಎಂದರು. ಎರಡು ಊರಿನ ಅಮ್ಮಂದಿರ ಲೆಕ್ಕದ ನಡುವೆ ಒಂದು ಗಳಿಗೆ ವಾದವೇ ಆಯಿತು. ಮೊದಲ ಗಿಳಿಯ ಕೊಕ್ಕು ಮುರಿದೇ ಹೊರಬಂತು. ಮುರಿದ ಅಚ್ಚು ಮಕ್ಕಳಿಗೆ ಎಂಬುದು ಎರಡೂ ಕಡೆಯ ನಿಯಮ, ಅದು ಕೂಡಲೇ ಜಾರಿಯಾಯಿತು. ಮಧ್ಯಾಹ್ನದ ಹೊತ್ತಿಗೆ 43 ಅಚ್ಚು ಎದ್ದು ನಿಂತಿದ್ದವು. ಕೊನೆಯ ಎರಡು ಸುತ್ತಿಗೆ, "ಈಗ" ಎಂದು ಕೂಗಿದವಳು ಮೊಮ್ಮಗಳು. ನಾವಿಬ್ಬರೂ ಬಾಯಿ ತೆರೆಯುವ ಮೊದಲೇ ಕೂಗಿದ್ದಳು, ಸರಿಯಾಗಿಯೇ ಕೂಗಿದ್ದಳು.

ನಮ್ಮ ಕಟ್ಟಡದಲ್ಲಿ 24 ಮನೆಗಳು. ತಮಿಳರಿದ್ದಾರೆ, ತೆಲುಗರಿದ್ದಾರೆ, ಒಡಿಶಾದವರಿದ್ದಾರೆ, ಕರಾವಳಿಯವರಿದ್ದಾರೆ. ಮಕ್ಕಳು ಒಂದು ಮನೆಯನ್ನೂ ಬಿಡದೆ ಎಳ್ಳು ಬೀರಿ ಬಂದರು. ಹೋದ ತಟ್ಟೆಗಳು ಬರಿದಾಗಿ ವಾಪಸ್ ಬರಲಿಲ್ಲ. ಒಂದರಲ್ಲಿ ಸಕ್ಕರೆ ಪೊಂಗಲ್, ಇನ್ನೊಂದರಲ್ಲಿ ಅರಿಸೆಲು ಬಂತು. ಅದು ನಮ್ಮ ಕಜ್ಜಾಯದ ಅಕ್ಕನೋ ತಂಗಿಯೋ ಇರಬೇಕು.

ದೂರದ ದೇಶದಲ್ಲೂ ಅಚ್ಚು

ಅಚ್ಚಿನಲ್ಲಿ ತಿನಿಸು ಒತ್ತುವವರು ನಾವಷ್ಟೇ ಅಲ್ಲ. ಚೀನಾದ ದಕ್ಷಿಣದಲ್ಲಿ ಗುವಾಂಗ್‌ಡಾಂಗ್ ಎಂಬ ಪ್ರಾಂತ್ಯವಿದೆ. ಅದರ ಪೂರ್ವ ಕರಾವಳಿಯ ಜನರನ್ನು ತಿಯೋಚ್ಯೂ ಎನ್ನುತ್ತಾರೆ. ಅವರ ಹಬ್ಬದ ತಿನಿಸು ಅಕ್ಕಿ ಹಿಟ್ಟಿನ ಗುಲಾಬಿ ಬಣ್ಣದ ಕಡುಬು. ಒಳಗೆ ಅಂಟು ಅಕ್ಕಿಯ ಅನ್ನ, ಕಡಲೆಬೀಜ, ಅಣಬೆ, ಒಣ ಸಿಗಡಿಯ ಹೂರಣ. ಅದನ್ನು ಪೀಚ್ ಹಣ್ಣಿನ ಆಕಾರ ಕೆತ್ತಿದ ಮರದ ಅಚ್ಚಿನಲ್ಲಿ ಒತ್ತಿ, ಮೆಲ್ಲಗೆ ಬಡಿದು ಬಿಡಿಸಿ, ಹಬೆಯಲ್ಲಿ ಬೇಯಿಸುತ್ತಾರೆ. ಅವರಿಗೆ ಪೀಚ್ ಹಣ್ಣೆಂದರೆ ದೀರ್ಘಾಯುಸ್ಸು. ಮೊದಲು ದೇವರಿಗೆ, ಹಿರಿಯರಿಗೆ ಎಡೆ, ಆಮೇಲೆ ಮನೆಮಂದಿಗೆ. ಹೊಟ್ಟೆಪಾಡಿಗೆ ಸಿಂಗಪುರ, ಮಲೇಷ್ಯಾ, ಥಾಯ್ಲೆಂಡಿಗೆ ಹೋದ ತಿಯೋಚ್ಯೂ ಜನ ಈ ತಿನಿಸನ್ನೂ ಜೊತೆಗೇ ಕರೆದುಕೊಂಡು ಹೋದರು. ಇವತ್ತಿಗೂ ಸಿಂಗಪುರದಲ್ಲಿ ಅದು ಸಿಗುತ್ತದೆ.

ಅತ್ತ ಮೆಕ್ಸಿಕೊ ದೇಶದಲ್ಲಿ ನವೆಂಬರ್ ಮೊದಲ ಎರಡು ದಿನ ತೀರಿಕೊಂಡ ಹಿರಿಯರನ್ನು ನೆನೆಯುವ ಹಬ್ಬ. ಅವರು ಸಕ್ಕರೆಯನ್ನು ಅಚ್ಚಿಗೆ ಒತ್ತಿ ತಲೆಬುರುಡೆ ಮಾಡಿ, ಬಣ್ಣದ ಹೂವು ಬರೆಯುತ್ತಾರೆ. ಕೇಳಿದರೆ ಭಯ, ನೋಡಿದರೆ ಮುದ್ದು! ಇಲ್ಲಿ ಗಿಳಿ, ಅಲ್ಲಿ ಪೀಚ್, ಇನ್ನೊಂದು ಕಡೆ ಬುರುಡೆ. ಊರು ಬಿಟ್ಟು ಹೋಗುವವರು ಮನೆ, ಹೊಲ ಹೊತ್ತೊಯ್ಯಲಾರರು. ಒಂದು ಅಚ್ಚನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗಬಹುದು. ಹಾವೇರಿಯಿಂದ ರಾಜರಾಜೇಶ್ವರಿನಗರಕ್ಕೆ ಬಂದವರಿಗೂ ಅಷ್ಟೇ, ಚನ್ನಪಟ್ಟಣದ ಹಳ್ಳಿಯಿಂದ ಬಂದ ನನಗೂ ಅಷ್ಟೇ.

ನಿಮಗೊಂದು ಕೆಲಸ

ಅಜ್ಜ ಅಜ್ಜಿಯರೇ, ಸಕ್ಕರೆ ಕಾಯಿಲೆ ಇರುವವರು ಒಂದು ಗಿಳಿಯ ರೆಕ್ಕೆಯ ತುದಿಯನ್ನಷ್ಟೇ ನಾಲಿಗೆಗೆ ಇಟ್ಟುಕೊಳ್ಳಿ, ಉಳಿದದ್ದನ್ನು ಮಕ್ಕಳಿಗೆ ಹಂಚಿ. ಆದರೆ ಕೈಗೆ ಗೊತ್ತಿರುವ ವಿದ್ಯೆಯನ್ನು ಅಟ್ಟದ ಮೇಲೆ ಇಡಬೇಡಿ. ಪುಸ್ತಕದಲ್ಲಿ ಅಳತೆ ಬರೆದಿಡಬಹುದು. ಯಾವ ಗಳಿಗೆಯಲ್ಲಿ ಪಾಕ ಸುರಿಯಬೇಕು ಎಂಬುದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ತೋರಿಸಬೇಕು. ಕೈಯಲ್ಲಿ ಶಕ್ತಿ ಇಲ್ಲದಿದ್ದರೆ ಸ್ಟೂಲಿನ ಮೇಲೆ ಕೂತು "ಈಗ" ಎಂದರೂ ಸಾಕು.

ಮಕ್ಕಳೇ, ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಮನೆಯ ಹಿರಿಯರ ಬಳಿ ಕೂತು, ಅವರು ನಿಮ್ಮಷ್ಟಿದ್ದಾಗ ಯಾವ ಹಬ್ಬಕ್ಕೆ ಯಾವ ತಿನಿಸು ಮಾಡುತ್ತಿದ್ದರು, ಅದರಲ್ಲಿ ಈಗ ಯಾವುದು ನಿಂತುಹೋಗಿದೆ ಎಂದು ಕೇಳಿ. ನಿಂತುಹೋದದ್ದರಲ್ಲಿ ಒಂದನ್ನು ಆರಿಸಿಕೊಳ್ಳಿ. ಅದಕ್ಕೆ ಬೇಕಾದ ಮೊರವೋ, ಅಚ್ಚೋ, ಒರಳೋ ಮನೆಯ ಯಾವ ಮೂಲೆಯಲ್ಲಿದೆ ಎಂದು ಹುಡುಕಿ ತೆಗೆಯಿರಿ. ಅಟ್ಟ ಹತ್ತುವಾಗ ದೊಡ್ಡವರೊಬ್ಬರು ಏಣಿ ಹಿಡಿದಿರಲಿ. ಮುಂದಿನ ಹಬ್ಬಕ್ಕೆ ಅದನ್ನು ಮಾಡಿ, ನಿಮ್ಮ ಪಕ್ಕದ ಮನೆಗೆ ಒಂದು ತಟ್ಟೆ ಕೊಟ್ಟು ಬನ್ನಿ. ಅವರ ಮನೆಯ ಕತೆಯನ್ನೂ ಕೇಳಿಕೊಂಡು ಬನ್ನಿ. ತಟ್ಟೆ ವಾಪಸ್ ಬರುವಾಗ ಅದರಲ್ಲಿ ಏನಿತ್ತು ಎಂಬುದನ್ನು ಮಾತ್ರ ನನಗೆ ಹೇಳಲು ಮರೆಯಬೇಡಿ.